ಕಾತ್ರಜದ ನೀರು, ಜಮಖಂಡಿಯ ವಿದ್ಯಾರ್ಥಿ

ಪುಣೆಯ ದಕ್ಷಿಣಕ್ಕೆ, ಕಾತ್ರಜದ ಗುಡ್ಡಗಳ ಬುಡದಲ್ಲಿ ಎರಡು ಕೆರೆಗಳಿವೆ. ನಾನಾಸಾಹೇಬ ಪೇಶ್ವೆ, ಅಂದರೆ ಬಾಳಾಜಿ ಬಾಜೀರಾವ್, ಹದಿನೆಂಟನೆಯ ಶತಮಾನದ ನಡುಗಾಲದಲ್ಲಿ ಕಟ್ಟಿಸಿದವು. ಮೇಲಿನದು ಹೂಳು ತಡೆಯಲಿಕ್ಕೆ, ಕೆಳಗಿನದು ತಿಳಿನೀರು ಹಿಡಿದಿಡಲಿಕ್ಕೆ. ಕೆಳಗಿನ ಕೆರೆಯಿಂದ ಊರಿನವರೆಗೆ ನೆಲದಡಿಯಲ್ಲಿ ಕಲ್ಲು ಗಾರೆಯ ಕಾಲುವೆ ಹೋಗಿದೆ. ಒಬ್ಬ ಆಳು ಒಳಗಿಳಿದು ನಡೆದುಹೋಗುವಷ್ಟು ಅದರ ಎತ್ತರ. ಪಂಪಿಲ್ಲ, ಯಂತ್ರವಿಲ್ಲ; ನೆಲದ ಇಳಿಜಾರು ನಂಬಿ ಹರಿಯುವ ನೀರು. ದಾರಿಯುದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಬಾಯಿಗಳು. ಅವನ್ನು ಅಲ್ಲಿಯವರು ‘ಉಚ್ಛ್ವಾಸ’ ಎನ್ನುತ್ತಾರೆ. ಗಾಳಿಯಾಡಲು, ಹೂಳು ತೆಗೆಯಲು, ನೀರಿನ ಒತ್ತಡ ಇಳಿಸಲು ಅವು ಬೇಕು. ಊರೊಳಗೆ ಬಂದ ನೀರು ಹೌದಗಳಿಗೆ ಬೀಳುತ್ತಿತ್ತು. ನಮ್ಮ ಬೆಳಗಾವಿ, ಬಿಜಾಪುರದ ಕಡೆಯ ಬಾಯಲ್ಲೂ ಹೌದ ಎಂದರೆ ನೀರಿನ ತೊಟ್ಟಿಯೇ, ಶಬ್ದವನ್ನು ಅರ್ಥ ಮಾಡಿಸುವ ಅಗತ್ಯವಿಲ್ಲ. ಶನಿವಾರವಾಡೆಯ ಅರಮನೆಗೆ ಹೋದದ್ದೂ ಇದೇ ನೀರು. ಪೇಶ್ವೆಗಳ ಕಾಲದ ಪುಣೆಯನ್ನು ಹೊಗಳುವವರು ಕಾತ್ರಜದ ಈ ಕಾಲುವೆಯನ್ನು ಮರೆಯುವುದಿಲ್ಲ. ಮರೆಯಬೇಕಾದದ್ದೂ ಅಲ್ಲ, ಅಷ್ಟು ಜಾಣತನದ ಕೆಲಸ ಅದು.

ಆದರೆ ಹೌದದ ತನಕ ನೀರು ಬಂದದ್ದು ಕಥೆಯ ಅರ್ಧ ಮಾತ್ರ. ಹೌದಕ್ಕೆ ಕೊಡ ಇಳಿಸುವವರು ಯಾರು ಎಂಬುದು ಇನ್ನರ್ಧ. ಅದೇ ಊರಿನಲ್ಲಿ ಮಹಾರರು, ಮಾಂಗರು ಬೆಳಗಿನ ಒಂಬತ್ತರ ಮೊದಲು, ಮಧ್ಯಾಹ್ನ ಮೂರರ ನಂತರ ಊರಬಾಗಿಲೊಳಗೆ ಕಾಲಿಡುವಂತಿರಲಿಲ್ಲವೆಂದು ದಾಖಲಾಗಿದೆ. ಇಳಿಬಿಸಿಲಿಗೆ ನೆರಳು ಉದ್ದವಾಗುತ್ತದೆ, ಯಾರ ಮೇಲಾದರೂ ಬಿದ್ದೀತೆಂಬ ಭಯ. ಪೇಶ್ವಾಯಿ ಮುಳುಗಿ ಅರ್ಧ ಶತಮಾನ ಕಳೆದ ಮೇಲೆ, 1868ರಲ್ಲಿ, ಜೋತೀರಾವ್ ಫುಲೆ ತಮ್ಮ ಮನೆಯ ಹೌದವನ್ನು ಅಸ್ಪೃಶ್ಯರಿಗೆ ತೆರೆದರು. ಒಂದು ಮನೆಯ ತೊಟ್ಟಿ ತೆರೆದದ್ದು ಇತಿಹಾಸದ ಘಟನೆಯಾಗಬೇಕಾದರೆ, ಊರಿನ ಉಳಿದ ತೊಟ್ಟಿಗಳು ಹೇಗಿದ್ದವೆಂದು ಬೇರೆ ಹೇಳಬೇಕಿಲ್ಲ. ಊರಿನ ರಾಜಕಾರಣ ಎಂಬುದು ಕಾಲುವೆ ಕಟ್ಟುವುದರಲ್ಲಿ ಮುಗಿಯುವುದಿಲ್ಲ. ಕಟ್ಟಿದ್ದರಲ್ಲಿ ಯಾರ ಪಾಲು ಎಷ್ಟು ಎಂದು ಕೇಳಿದಾಗ ಅದು ಶುರುವಾಗುತ್ತದೆ. ಪುಣೆಯಲ್ಲಿ ಆ ಪ್ರಶ್ನೆಯನ್ನು ವಿದ್ಯಾರ್ಥಿ ದೆಸೆಯ ತಳಮಳದಿಂದ ಪುರಸಭೆಯ ಬಜೆಟ್ಟಿನವರೆಗೆ ಹೊತ್ತು ತಂದವರಲ್ಲಿ ನಮ್ಮ ಜಮಖಂಡಿಯ ವಿಠ್ಠಲ ರಾಮಜಿ ಶಿಂದೆ ಮುಖ್ಯರು ಎಂಬುದು ಈ ಲೇಖನದ ವಾದ. ಪುರಸಭೆಯ ಅಧ್ಯಕ್ಷರ ಸಾಲಿನಲ್ಲಿ ಅವರ ಹೆಸರು ಸಿಗುವುದಿಲ್ಲ. ಹಾಗಿದ್ದೂ ಆ ಊರಿನ ಪ್ರಗತಿಪರ ರಾಜಕಾರಣಕ್ಕೆ ಒಂದು ನಡಿಗೆ ಕಲಿಸಿದವರಲ್ಲಿ ಅವರೊಬ್ಬರು.

ಶಿಂದೆಯವರಿಗೆ ಮೊದಲು ಒಂದು ಮೇಲ್ಪಂಕ್ತಿ ಇತ್ತು, ಅದನ್ನು ಹೇಳದೆ ಮುಂದೆ ಹೋಗಲಾಗದು. ಫುಲೆ ಓದಿದ್ದು ಸ್ಕಾಟಿಷ್ ಮಿಷನ್ ಶಾಲೆಯಲ್ಲಿ. ಸಮಾನತೆಯ ಮಾತು ಮೊದಲು ಅವರ ಕಿವಿಗೆ ಬಿದ್ದದ್ದು, ಜೀವಮಾನದ ಗೆಳೆಯರು ಸಿಕ್ಕಿದ್ದು ಆ ಓದಿನ ದಿನಗಳಲ್ಲಿ. 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಅವರಿಗಿನ್ನೂ ಇಪ್ಪತ್ತರ ಆಸುಪಾಸು. ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ಮಾತಿಗೆ ಬಾರದ ಸಂಗತಿಯೆಂದರೆ 1876ರಿಂದ ಕೆಲವು ವರ್ಷ ಅವರು ಪುಣೆ ಪುರಸಭೆಯ ಸದಸ್ಯರಾಗಿದ್ದದ್ದು. ವೈಸರಾಯ್ ಲಿಟ್ಟನ್ ಊರಿಗೆ ಬರುತ್ತಾರೆಂದು ಸ್ವಾಗತಕ್ಕೆ ಸಾವಿರ ರೂಪಾಯಿ ಖರ್ಚು ಮಾಡುವ ಪ್ರಸ್ತಾವ ಬಂತು. ಆ ದುಡ್ಡು ಬಡವರ ವಿದ್ಯೆಗೆ ಹೋಗಲಿ ಎಂದರು ಫುಲೆ. ಮೂವತ್ತೆರಡು ಸದಸ್ಯರ ಪೈಕಿ ವಿರುದ್ಧ ಮತ ಹಾಕಿದವರು ಅವರೊಬ್ಬರೇ. ಲಕ್ಷಗಟ್ಟಲೆ ಸುರಿದು ತರಕಾರಿ ಮಾರುಕಟ್ಟೆ ಕಟ್ಟುವುದಕ್ಕೂ ಅವರ ವಿರೋಧವಿತ್ತು, ಶಾಲೆಗಳನ್ನು ಬಡಕಲಾಗಿಟ್ಟು ಇದೇಕೆ ಎಂದು. ಮಾರುಕಟ್ಟೆ ಕಟ್ಟಿಯೇ ಕಟ್ಟಿದರು. 1886ರಲ್ಲಿ ರೇ ಮಾರ್ಕೆಟ್ ಎಂಬ ಹೆಸರಿನಲ್ಲಿ ತೆರೆಯಿತು. ಈಗ ಅದರ ಹೆಸರು ಮಹಾತ್ಮಾ ಫುಲೆ ಮಂಡಈ. ವಿರೋಧಿಸಿದವನ ಹೆಸರನ್ನೇ ಕಟ್ಟಡಕ್ಕಿಟ್ಟು ಸಾಲ ತೀರಿತೆಂದುಕೊಳ್ಳುವುದು ನಮ್ಮ ಊರುಗಳಿಗೆ ಚೆನ್ನಾಗಿ ಬರುವ ವಿದ್ಯೆ. ಫುಲೆಯವರನ್ನು ನೇಮಿಸಿದ್ದು ಸರ್ಕಾರ, ಜನ ಆರಿಸಿದ್ದಲ್ಲವಲ್ಲ ಎಂದು ಆಕ್ಷೇಪಿಸಬಹುದು. ನಿಜವೇ. ಆದರೆ ನೇಮಕಗೊಂಡ ಉಳಿದ ಸದಸ್ಯರ ಎದುರು ಒಬ್ಬರೇ ನಿಂತು ಬೇಡವೆಂದದ್ದು ನೇಮಕದ ಫಲ ಎನ್ನಲಾಗದು.

ಇನ್ನು ಜಮಖಂಡಿಗೆ ಬರೋಣ. ಆಗ ಅದು ಪಟವರ್ಧನರ ಸಂಸ್ಥಾನ, ಈಗ ಬಾಗಲಕೋಟೆ ಜಿಲ್ಲೆಯ ಊರು. ಶಿಂದೆ ಹುಟ್ಟಿದ್ದು 1873ರ ಏಪ್ರಿಲ್ 23ರಂದು. ತಂದೆ ರಾಮಜಿ, ಅಜ್ಜ ಬಸಪ್ಪ. ಮನೆಮಾತು ಮರಾಠಿ, ಓಣಿಯ ಮಾತು ಕನ್ನಡ, ಮನೆಯ ಭಕ್ತಿ ಪಂಢರಪುರದ ವಿಠ್ಠಲನದು. ಅಜ್ಜನ ಹೆಸರು ಒಂದು ಕಡೆ ಕೈ ತೋರಿಸಿದರೆ ಮೊಮ್ಮಗನ ಹೆಸರು ಇನ್ನೊಂದು ಕಡೆ ತೋರಿಸುತ್ತದೆ. ಗಡಿನಾಡಿನ ಮನೆಗಳಲ್ಲಿ ಇದೇನು ಹೊಸತಲ್ಲ. ಮುಂದೆ ಅವರು ಕನ್ನಡಕ್ಕೂ ಮರಾಠಿಗೂ ಇರುವ ನಂಟಿನ ಬಗ್ಗೆ ಬರೆದರು, ಮರಾಠಿಯ ಬೇರುಗಳಲ್ಲಿ ಕನ್ನಡ ಎಷ್ಟಿದೆ ಎಂದು ಮರಾಠಿಗರಿಗೇ ತೋರಿಸಲು ಹೊರಟರು. 1893ರ ಸುಮಾರಿಗೆ ಫರ್ಗ್ಯುಸನ್ ಕಾಲೇಜು ಸೇರಿ 1898ರಲ್ಲಿ ಬಿ.ಎ. ಮುಗಿಸಿದರು. ಆ ಐದು ವರ್ಷಗಳ ಪುಣೆ ಎಂಥದೆಂದು ನೆನೆಸಿಕೊಳ್ಳಬೇಕು. ಕಾಲೇಜಿನ ಪ್ರಾಂಶುಪಾಲರಾಗಿದ್ದ ಗೋಪಾಳ ಗಣೇಶ ಆಗರಕರ್ ‘ಸುಧಾರಕ’ ಪತ್ರಿಕೆಯಲ್ಲಿ ಊರಿನ ಕರ್ಮಠರ ನಿದ್ದೆ ಕೆಡಿಸುತ್ತಿದ್ದರು, 1895ರಲ್ಲಿ ತೀರಿಕೊಂಡರು. ಅದೇ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ಧೋಂಡೋ ಕೇಶವ ಕರ್ವೆ ವಿಧವೆಯೊಬ್ಬರನ್ನು ಮದುವೆಯಾಗಿದ್ದರು. 1895ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಅದರ ಚಪ್ಪರದಲ್ಲಿ ಸುಧಾರಕರ ಸಾಮಾಜಿಕ ಪರಿಷತ್ತಿಗೆ ಜಾಗ ಕೊಡಕೂಡದೆಂದು ದೊಡ್ಡ ಗಲಾಟೆಯೇ ಆಯಿತು, ರಾನಡೆಯವರು ಪರಿಷತ್ತನ್ನು ಬೇರೆಡೆ ಒಯ್ಯಬೇಕಾಯಿತು. ಮರುವರ್ಷ ಪ್ಲೇಗು, ಅದರ ಮರುವರ್ಷ ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೊಲೆ. ದೇಶ ಮೊದಲೋ ಸಮಾಜ ಮೊದಲೋ ಎಂಬ ಜಗಳ ಪಠ್ಯದಲ್ಲಿ ಇರಲಿಲ್ಲ, ಕಾಲೇಜಿನ ಹೊರಗಿನ ಬೀದಿಯಲ್ಲೇ ಇತ್ತು.

ಈ ಬೀದಿಜಗಳಕ್ಕಿಂತ ಶಿಂದೆಯವರನ್ನು ಹೆಚ್ಚು ರೂಪಿಸಿದ್ದು ಎರಡು ಮನೆವಾರ್ತೆಯ ಸಂಗತಿಗಳು ಎಂದು ನನಗೆ ಅನ್ನಿಸುತ್ತದೆ. ಒಂದು, ಅವರ ಓದಿನ ದುಡ್ಡು. ಪುಣೆಯ ಡೆಕ್ಕನ್ ಮರಾಠಾ ಎಜುಕೇಷನ್ ಅಸೋಸಿಯೇಷನ್ನಿನ ನೆರವು ಸ್ವಲ್ಪ, ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಸ್ವಲ್ಪ. ಹೀಗೆ ಅಲ್ಲಿ ಇಲ್ಲಿ ಕೈಚಾಚಿ ಪದವಿ ಮುಟ್ಟಿದ್ದು. ಎರಡು, ತಂಗಿ ಜನಾಬಾಯಿ. ಬಾಲ್ಯದಲ್ಲೇ ಮದುವೆಯಾಗಿ ಗಂಡನ ಮನೆಯಲ್ಲಿ ನೆಲೆ ಕಾಣದ ಆಕೆಯನ್ನು ಪುಣೆಗೆ ಕರೆತಂದು ಓದಿಸಲು ಅಣ್ಣ ಪಟ್ಟ ಪಾಡು ಸಣ್ಣದಲ್ಲ. ಮುಂದೆ ಅದೇ ಜನಾಬಾಯಿ ಅಣ್ಣನ ಕೆಲಸದಲ್ಲಿ ಸರಿಸಮಾನ ಹೆಗಲು ಕೊಟ್ಟರು. ದಾನಿಗಳ ಮನಸ್ಸು ಬಂದರೆ ಓದು, ಇಲ್ಲದಿದ್ದರೆ ಇಲ್ಲ; ಹುಡುಗನಾದರೆ ನಾಲ್ಕು ಬಾಗಿಲು, ಹುಡುಗಿಯಾದರೆ ಒಂದೋ ಎರಡೋ. ಈ ಎರಡು ಪಾಠಗಳನ್ನು ಕಲಿತವನು ಮುಂದೆ ಶಾಲೆಯನ್ನು ದಾನದ ಕೈಯಿಂದ ಬಿಡಿಸಿ ತೆರಿಗೆಯ ಕೈಗೆ ಕೊಡಬೇಕೆಂದರೆ, ಅದೂ ಹೆಣ್ಣುಮಕ್ಕಳನ್ನು ಬಿಟ್ಟಲ್ಲ ಎಂದರೆ, ಆಶ್ಚರ್ಯಪಡಬೇಕಾದದ್ದೇನಿದೆ? ಸಿದ್ಧಾಂತಗಳನ್ನು ಅವರು ಮಿಲ್, ಸ್ಪೆನ್ಸರರಲ್ಲಿ ಓದಿರಬಹುದು. ಲೆಕ್ಕ ಕಲಿತದ್ದು ಮನೆಯಲ್ಲಿ.

ಬಿ.ಎ. ಮುಗಿದ ಮೇಲೆ ವಕೀಲಿಯ ದಾರಿ ಬಿಟ್ಟು ಪ್ರಾರ್ಥನಾ ಸಮಾಜ ಸೇರಿದರು. 1901ರಿಂದ 1903ರವರೆಗೆ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಮಾಡಿ ಬಂದರು. 1906ರ ಅಕ್ಟೋಬರ್ 18ರಂದು ಮುಂಬಯಿಯಲ್ಲಿ ಅಸ್ಪೃಶ್ಯರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಹುಟ್ಟುಹಾಕಿದರು. ಅದರ ಶಾಲೆಗಳು, ವಸತಿಗೃಹಗಳು ಒಂದೊಂದಾಗಿ ಊರೂರಿಗೆ ಹಬ್ಬಿದವು. ಹುಬ್ಬಳ್ಳಿಯಲ್ಲೂ ಶಾಖೆ ತೆರೆಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಇದೇ ಕೆಲಸವನ್ನು ಅದಕ್ಕೂ ಮೊದಲೇ ಹಿಡಿದಿದ್ದರು. 1912ರಲ್ಲಿ ಶಿಂದೆ ಪುಣೆಗೆ ಬಂದು ನೆಲೆಸಿದರು. ನಾನಾ ಪೇಠೆಯಲ್ಲಿ ಅಹಲ್ಯಾಶ್ರಮ ಎದ್ದಿತು. ಇಂದೂರಿನ ಹೋಳ್ಕರರು ಅದಕ್ಕೆ 20,000 ರೂಪಾಯಿ ಕೊಟ್ಟರು. ಇಲ್ಲಿಗೆ ನಿಲ್ಲಿಸಿದ್ದರೆ ಶಿಂದೆ ಒಬ್ಬ ದೊಡ್ಡ ಸಮಾಜಸೇವಕರಾಗಿ ಉಳಿಯುತ್ತಿದ್ದರು. ಆದರೆ ಮಿಷನ್ನಿನ ಶಾಲೆ ಎಂದರೆ ಹೋಳ್ಕರರ ಕೃಪೆ, ಇನ್ನೊಬ್ಬ ಸೇಠರ ಕೃಪೆ. ಹತ್ತು ಮಕ್ಕಳಿಗೆ ಹಾಸಿಗೆ ಹಾಸಿದಾಗ ನೂರು ಮಕ್ಕಳು ಹೊರಗೆ ನಿಂತಿರುತ್ತಾರೆ. ಫುಲೆ ಮನೆಯ ಹೌದದ ಮಿತಿಯೂ ಇದೇ. ಒಂದು ಹೌದ ತೆರೆದರೆ ಕಾತ್ರಜದ ಕಾಲುವೆಯ ಉಳಿದ ಹೌದಗಳು ತೆರೆಯುವುದಿಲ್ಲ. ಅದಕ್ಕೆ ಊರೇ ಒಪ್ಪಬೇಕು, ಒಪ್ಪಿದ್ದನ್ನು ಬರೆದಿಡಬೇಕು, ಬರೆದದ್ದಕ್ಕೆ ಹಣ ತೆಗೆದಿಡಬೇಕು.

ಆ ಅವಕಾಶ 1918ರಲ್ಲಿ ಬಂತು. ವಿಠ್ಠಲಭಾಯಿ ಪಟೇಲರು ಮುಂಬಯಿ ಶಾಸನಸಭೆಯಲ್ಲಿ ತಂದ ಪ್ರಾಥಮಿಕ ಶಿಕ್ಷಣ ಕಾಯ್ದೆ, ಪುರಸಭೆಗಳಿಗೆ ಬೇಕೆನಿಸಿದರೆ ತಮ್ಮ ಎಲ್ಲೆಯೊಳಗೆ ಶಾಲೆಯನ್ನು ಕಡ್ಡಾಯ ಮಾಡುವ ಅಧಿಕಾರ ಕೊಟ್ಟಿತು. ಬೇಕೆನಿಸಿದರೆ ಎಂಬಲ್ಲೇ ಎಲ್ಲ ರಾಜಕಾರಣ. ಪುಣೆ ಪುರಸಭೆಯ ಮುಂದೆ ಪ್ರಶ್ನೆ ಬಂದಾಗ ರಾಷ್ಟ್ರೀಯ ಪಕ್ಷದವರು, ಅಂದರೆ ತಿಲಕ್ ಮತ್ತು ನ. ಚಿಂ. ಕೇಳಕರ್ ಅವರ ಬಳಗ, ಹುಡುಗರಿಗೆ ಮೊದಲು ಕಡ್ಡಾಯವಾಗಲಿ, ಹುಡುಗಿಯರದು ಹಣ ಕೂಡಿಬಂದಾಗ ನೋಡೋಣ ಎಂದರು. ಶಿಂದೆ, ರ‍್ಯಾಂಗ್ಲರ್ ಪರಾಂಜಪೆ ಮುಂತಾದವರು ಎರಡನ್ನೂ ಒಟ್ಟಿಗೇ ಮಾಡಿ ಎಂದು ಪಟ್ಟುಹಿಡಿದರು. 1920ರ ಮೊದಲ ತಿಂಗಳುಗಳಲ್ಲಿ ಪುಣೆ ಇದೊಂದೇ ಮಾತಿಗೆ ಕುದಿಯಿತು. ರಮಾಬಾಯಿ ರಾನಡೆಯವರ ಮುಂದಾಳತ್ವದಲ್ಲಿ ಹೆಂಗಸರು ಬೀದಿಗಿಳಿದು ಮೆರವಣಿಗೆ ಹೊರಟರು. ಶಾಲೆ ಬೇಕೆಂದು ಹೆಂಗಸರೇ ಪುರಸಭೆಯತ್ತ ಹೊರಟದ್ದು ಆ ಊರಿಗೆ ಹೊಸ ನೋಟ. ಕಿರ್ಲೋಸ್ಕರ್ ನಾಟಕಗೃಹದ ಸಭೆ ಗದ್ದಲದಲ್ಲಿ ಮುಗಿಯಿತು. ಲೋಕಮಾನ್ಯರೆಂದು ದೇಶವೆಲ್ಲ ಕೈಮುಗಿಯುತ್ತಿದ್ದ ಮನುಷ್ಯನಿಗೆ ತನ್ನ ಊರಿನಲ್ಲೇ ಮಾತಾಡಲು ಕಷ್ಟವಾಯಿತು. ಅದೇ ವರ್ಷದ ಆಗಸ್ಟ್ 1ರಂದು ತಿಲಕ್ ತೀರಿಕೊಂಡರು.

ಹಣದ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು. ಪುರಸಭೆಯ ಬೊಕ್ಕಸ ತುಂಬಿ ತುಳುಕುತ್ತಿರಲಿಲ್ಲ. ಕಡ್ಡಾಯ ಎಂದಮೇಲೆ ಶಾಲೆ ಕಟ್ಟಬೇಕು, ಮಾಸ್ತರರಿಗೆ ಸಂಬಳ ಕೊಡಬೇಕು, ತೆರಿಗೆ ಏರಿಸಬೇಕು. ಸುಧಾರಕರ ಆರಾಧ್ಯರಾದ ಗೋಖಲೆಯವರೇ, ಅವರೂ ಒಂದು ಕಾಲಕ್ಕೆ ಇದೇ ಪುರಸಭೆಯ ಅಧ್ಯಕ್ಷರು, 1911ರಲ್ಲಿ ಕೇಂದ್ರದ ಶಾಸನಸಭೆಗೆ ತಂದ ಮಸೂದೆಯಲ್ಲಿ ಕಡ್ಡಾಯವನ್ನು ಮೊದಲು ಹುಡುಗರಿಗಷ್ಟೇ ಇಟ್ಟು ಹುಡುಗಿಯರನ್ನು ಆಮೇಲಿನ ಸಾಲಿಗೆ ಬಿಟ್ಟಿದ್ದರು. ಅಷ್ಟು ಮೆತ್ತನೆಯ ಮಸೂದೆಯೂ 1912ರಲ್ಲಿ ಬಿದ್ದುಹೋಯಿತು. ಹೀಗಿರುವಾಗ ತಿಲಕ್ ಪಕ್ಷದವರನ್ನು ಮಾತ್ರ ಹೆಣ್ಣುಮಕ್ಕಳ ವೈರಿಗಳೆಂದು ಕರೆಯುವುದು ನ್ಯಾಯವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ತೂಕವಿದೆ. ಆದರೂ ನಾನು ಶಿಂದೆಯವರ ಪರ ನಿಲ್ಲುತ್ತೇನೆ. ಮೊದಲನೆಯದಾಗಿ, ಇದು ಆಗದ ಕೆಲಸ ಎನ್ನುವಂತಿರಲಿಲ್ಲ. ಬರೋಡಾ ಸಂಸ್ಥಾನ 1893ರಲ್ಲಿ ಅಮ್ರೇಲಿಯಲ್ಲಿ ಪ್ರಯೋಗ ಮಾಡಿ, 1906ರಲ್ಲಿ ರಾಜ್ಯವಿಡೀ ಹುಡುಗ ಹುಡುಗಿ ಇಬ್ಬರಿಗೂ ಶಾಲೆ ಕಡ್ಡಾಯ ಮಾಡಿತ್ತು. ಅದೇ ಬರೋಡಾದ ದುಡ್ಡಿನಲ್ಲಿ ಓದಿದ ಶಿಂದೆಯವರಿಗೆ ಇದು ಪುಸ್ತಕದ ಮಾತಾಗಿರಲಿಲ್ಲ. ಎರಡನೆಯದಾಗಿ, ಹಣವಿಲ್ಲ ಎಂಬ ಮಾತಿಗೆ ಹಿಂದಿನದೊಂದು ಇತಿಹಾಸವಿತ್ತು. 1880ರ ದಶಕದಲ್ಲಿ ಹುಜೂರ್‌ಪಾಗಾ ಹೆಣ್ಣುಮಕ್ಕಳ ಪ್ರೌಢಶಾಲೆ ತೆರೆದಾಗ ತಿಲಕರ ಪತ್ರಿಕೆಗಳು ಎತ್ತಿದ ತಕರಾರು ಖರ್ಚಿನದಾಗಿರಲಿಲ್ಲ. ಹೆಣ್ಣು ಏನು ಓದಬೇಕು, ಎಷ್ಟು ಹೊತ್ತು ಮನೆ ಬಿಟ್ಟಿರಬೇಕು ಎಂಬುದಾಗಿತ್ತು. ಸುಮಾರು ನಲವತ್ತು ವರ್ಷದ ಮೇಲೆ ಅದೇ ಬಳಗದ ಬಾಯಲ್ಲಿ ಲೆಕ್ಕಪತ್ರದ ಭಾಷೆ ಬಂದಾಗ ಸುಧಾರಕರು ನಂಬಲಿಲ್ಲ, ನಂಬದಿರಲು ಕಾರಣವಿತ್ತು. ಮೂರನೆಯ ಮಾತು ಇನ್ನೂ ಸರಳ. ಹಣ ಸಾಲದು ಎಂದರೆ ಇಬ್ಬರಿಗೂ ಸ್ವಲ್ಪ ಸ್ವಲ್ಪ ಹಂಚಬಹುದು, ಇಲ್ಲವೇ ಒಬ್ಬರನ್ನು ಬಾಗಿಲ ಹೊರಗೆ ನಿಲ್ಲಿಸಬಹುದು. ಯಾವುದನ್ನು ಆರಿಸುತ್ತೇವೆ ಎಂಬುದು ಬೊಕ್ಕಸ ಹೇಳುವುದಿಲ್ಲ, ಮನಸ್ಸು ಹೇಳುತ್ತದೆ.

ಇಲ್ಲಿ ನೀರಿನ ಕಡೆಗೊಮ್ಮೆ ತಿರುಗಿದರೆ ವಾದ ಇನ್ನಷ್ಟು ತಿಳಿಯಾಗುತ್ತದೆ. ಕಾತ್ರಜದ ಕಾಲುವೆಯೊಂದೇ ಬೆಳೆಯುವ ಊರಿಗೆ ಸಾಲದಾಗಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಖಡಕವಾಸ್ಲಾ ಅಣೆಕಟ್ಟಿನ ನೀರು ಬಂತು. ಆ ಅಣೆಕಟ್ಟಿಗೆ 1903ರಲ್ಲಿ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ಕೂರಿಸಿದವರು ನಮ್ಮ ವಿಶ್ವೇಶ್ವರಯ್ಯನವರು, ಅವರೂ ಪುಣೆಯ ಕಾಲೇಜ್ ಆಫ್ ಸೈನ್ಸ್‌ನ ಹಳೆಯ ವಿದ್ಯಾರ್ಥಿ. ಒಂದೇ ಊರು ಕನ್ನಡನಾಡಿನಿಂದ ಹೋದ ಇಬ್ಬರಿಗೆ ಎರಡು ಬಗೆಯ ಪಾಠ ಹೇಳಿತು. ಒಬ್ಬರು ನೀರು ಹೆಚ್ಚು ಮಾಡುವುದು ಹೇಗೆಂದು ಕಲಿತರು. ಇನ್ನೊಬ್ಬರು ಹಂಚುವುದು ಹೇಗೆಂದು ಕೇಳಿದರು. ಪಟ್ಟಣಕ್ಕೆ ಇಬ್ಬರೂ ಬೇಕು. ಆದರೆ ಮೊದಲಿನವರಿಗೆ ವೃತ್ತಗಳಲ್ಲಿ ಪ್ರತಿಮೆ ಬೇಗ ಸಿಗುತ್ತದೆ, ಏಕೆಂದರೆ ಅವರ ಕೆಲಸ ಕಣ್ಣಿಗೆ ಕಾಣುತ್ತದೆ. ಹಂಚಿಕೆಯ ಕೆಲಸ ಕಾಣುವುದು ನಿರ್ಣಯ ಪುಸ್ತಕದ ಪುಟಗಳಲ್ಲಿ ಮಾತ್ರ.

ಸೋತವರಲ್ಲವೇ ಶಿಂದೆ ಎಂಬುದು ಅವರ ವಿರುದ್ಧದ ದೊಡ್ಡ ಆಕ್ಷೇಪ. 1920ರಲ್ಲಿ ಹೊಸ ಸುಧಾರಣೆಯ ಪ್ರಕಾರ ಮುಂಬಯಿ ಶಾಸನಸಭೆಗೆ ಚುನಾವಣೆ ನಡೆದಾಗ ಮರಾಠರಿಗೆಂದು ಕೆಲವು ಸ್ಥಾನ ಮೀಸಲಿದ್ದವು. ಕೊಲ್ಹಾಪುರದ ಶಾಹು ಮಹಾರಾಜರ ಬಳಗ ಅಂಥ ಸ್ಥಾನಕ್ಕೆ ಅವರ ಹೆಸರು ಹೇಳಿದರೂ, ಜಾತಿಯ ಹೆಸರಿನಲ್ಲಿ ಸ್ಥಾನ ಒಲ್ಲೆ ಎಂದು ಪುಣೆಯ ಸಾಮಾನ್ಯ ಸ್ಥಾನಕ್ಕೆ ನಿಂತರು. ಬಹುಜನ ಪಕ್ಷ ಎಂಬ ಹೆಸರಿನಲ್ಲಿ ರೈತ, ಕೂಲಿಕಾರ, ಹೆಂಗಸರು, ಅಸ್ಪೃಶ್ಯರನ್ನೆಲ್ಲ ಸೇರಿಸಿ ಒಂದು ಪ್ರಣಾಳಿಕೆ ಬರೆದರು. ಸೋತರು. ಬ್ರಾಹ್ಮಣರಿಗೆ ಅವರು ಜಾತಿ ಕೆಡಿಸುವವರು, ಬ್ರಾಹ್ಮಣೇತರರಿಗೆ ಕಾಂಗ್ರೆಸ್ಸಿಗೆ ಒಲಿದವರು. ಗೆಲ್ಲುವ ಲೆಕ್ಕಾಚಾರದಲ್ಲಿ ಇದು ದಡ್ಡತನವೇ. ಆದರೆ ಪಟ್ಟಣದ ರಾಜಕಾರಣದಲ್ಲಿ ಗೆಲುವನ್ನು ಒಬ್ಬ ಮನುಷ್ಯನ ಸ್ಥಾನದಿಂದ ಅಳೆದರೆ ಫುಲೆಯವರ ಒಂಟಿ ಮತವೂ ಸೋಲೇ. ಅಳೆಯಬೇಕಾದದ್ದು ಆ ಮಾತು ಮುಂದಿನವರ ಬಾಯಿಗೆ ಬಂತೋ ಇಲ್ಲವೋ ಎಂದು.

ಇನ್ನೊಂದು ಆಕ್ಷೇಪ ಹೆಚ್ಚು ಮರ್ಮಕ್ಕೆ ತಾಗುವಂಥದು, ಅದು ಬಂದದ್ದು ಅಂಬೇಡ್ಕರರಿಂದ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಅಸ್ಪೃಶ್ಯರ ಮತದಾನ, ಪ್ರಾತಿನಿಧ್ಯದ ಪ್ರಶ್ನೆ ಬಂದಾಗ ಅಂಬೇಡ್ಕರ್ ಮಿಷನ್ನಿನ ಯೋಜನೆಯನ್ನು ಕಟುವಾಗಿ ಟೀಕಿಸಿದರು. ಮೇಲಿನವರು ಕೆಳಗಿನವರ ಪರವಾಗಿ ಮಾತಾಡುವುದರಲ್ಲೇ ಒಂದು ಮೇಲುತನ ಉಳಿದಿರುತ್ತದೆ ಎಂಬುದು ಆ ಟೀಕೆಯ ತಿರುಳು. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಶಿಂದೆಯವರಲ್ಲೂ ಇರಲಿಲ್ಲ. ಮಿಷನ್ ನಡೆಸುವ ಹೊಣೆ ತಮಗೇ ಬರಬೇಕೆಂದು ಅಸ್ಪೃಶ್ಯ ತರುಣರು ಕೇಳಿದರು. 1923ರ ಹೊತ್ತಿಗೆ ಶಿಂದೆ ಅದರಿಂದ ಹೊರಬಂದರು. ಆದರೆ ಈ ಟೀಕೆ ಪುರಸಭೆಯ ದಾರಿಯನ್ನು ಸುಳ್ಳು ಮಾಡುವುದಿಲ್ಲ, ಅದನ್ನು ಇನ್ನೂ ಮುಂದಕ್ಕೆ ತಳ್ಳುತ್ತದೆ. 1923ರಲ್ಲಿ ಮುಂಬಯಿ ಶಾಸನಸಭೆ ತನ್ನ ಸದಸ್ಯ ಬೋಲೆಯವರ ನಿರ್ಣಯ ಒಪ್ಪಿ ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂದಿತು. ಮಹಾಡ್ ಪುರಸಭೆ ಅದಕ್ಕೆ ಸರಿಯೆಂದು ನಿರ್ಣಯ ಮಾಡಿತು. ಕಾಗದದಲ್ಲಿ ಕೆರೆ ತೆರೆಯಿತು, ಕೆರೆಯ ದಡದಲ್ಲಿ ತೆರೆಯಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಚವದಾರ್ ಕೆರೆಗೆ ನಡೆದು ನೀರು ಕುಡಿದಾಗ ಅವರ ಕೈಯಲ್ಲಿದ್ದ ಆಧಾರ ಆ ಪುರಸಭೆಯ ನಿರ್ಣಯವೇ. ನಿರ್ಣಯವಿಲ್ಲದೆ ನಡೆದಿದ್ದರೆ ಅದನ್ನು ಅತಿಕ್ರಮಣ ಎನ್ನುತ್ತಿದ್ದರು. ನಡೆಯದೇ ಇದ್ದಿದ್ದರೆ ನಿರ್ಣಯ ಗೆದ್ದಲಿಗೆ ಹೋಗುತ್ತಿತ್ತು.

ಪುಣೆಯಲ್ಲಿ ಮುಂದಿನ ಹೆಜ್ಜೆ ಇಟ್ಟವರು ಕೇಶವರಾವ್ ಜೇಧೆ. 1896ರಲ್ಲಿ ಹುಟ್ಟಿದವರು, ಛತ್ರಪತಿ ಮೇಳ ಕಟ್ಟಿ ಗಣೇಶೋತ್ಸವದ ಬೀದಿಯಲ್ಲೇ ಬ್ರಾಹ್ಮಣೇತರರ ದನಿ ಎತ್ತಿದ ತರುಣರ ಪೈಕಿ. ಪುರಸಭೆಗೆ ಬಂದು 1925ರಲ್ಲಿ ಫುಲೆ ಪ್ರತಿಮೆ ನಿಲ್ಲಿಸೋಣ ಎಂದು ಪ್ರಸ್ತಾವ ತಂದರು. ಪ್ರಸ್ತಾವ ಬಿದ್ದಿತು. ಅದೇ ವರ್ಷ ಅವರ ಜತೆಗಾರ ದಿನಕರರಾವ್ ಜವಳಕರ್ ‘ದೇಶಾಚೆ ದುಷ್ಮನ್’ ಎಂಬ ಪುಸ್ತಕ ಬರೆದು ತಿಲಕ್, ಚಿಪಳೂಣಕರರ ಮೇಲೆ ಹರಿಹಾಯ್ದರು, ಕೋರ್ಟು ಹತ್ತಬೇಕಾಯಿತು; ಅವರ ಪರ ವಾದಿಸಿದ ವಕೀಲರು ಅಂಬೇಡ್ಕರ್. ಜವಳಕರ್ ಬರಹ ಒರಟು, ಅಲ್ಲಲ್ಲಿ ಅಳತೆ ಮೀರಿದ್ದು. ಶಿಂದೆಯವರ ಹದ ಅದರಲ್ಲಿಲ್ಲ. 1929ರ ಅಕ್ಟೋಬರಿನಲ್ಲಿ ಪರ್ವತಿ ಗುಡ್ಡದ ದೇಗುಲ ಪ್ರವೇಶಕ್ಕೆ ಸತ್ಯಾಗ್ರಹ ನಡೆದಾಗ ಕಲ್ಲು ಬಿದ್ದವು, ಏಟು ಬಿದ್ದವು. ಸತ್ಯಾಗ್ರಹಿಗಳಲ್ಲಿ ಫರ್ಗ್ಯುಸನ್ನಿನಲ್ಲಿ ಓದಿ ಯುವಕ ಚಳವಳಿಗೆ ಬಂದಿದ್ದ ಎಸ್. ಎಂ. ಜೋಶಿ ಇದ್ದರು. 1930ರಲ್ಲಿ ಕಾನೂನುಭಂಗಕ್ಕಾಗಿ ಶಿಂದೆ ಯೆರವಡಾ ಜೈಲು ಸೇರಿದರು, ಐವತ್ತೇಳರ ವಯಸ್ಸಿನಲ್ಲಿ. 1933ರಲ್ಲಿ ‘ಭಾರತೀಯ ಅಸ್ಪೃಶ್ಯತೇಚಾ ಪ್ರಶ್ನ’ ಬಂತು. 1944ರ ಜನವರಿ 2ರಂದು ತೀರಿಕೊಂಡರು.

ಆ ದಾರಿ ಅಲ್ಲಿಗೆ ನಿಲ್ಲಲಿಲ್ಲ. ಸ್ವಾತಂತ್ರ್ಯದ ನಂತರ 1950ರಲ್ಲಿ ಪುರಸಭೆ ಮಹಾನಗರ ಪಾಲಿಕೆಯಾಯಿತು. ಎಸ್. ಎಂ. ಜೋಶಿಯವರ ಒಡನಾಡಿ, ಸಮಾಜವಾದಿ ನಾ. ಗ. ಗೋರೆ 1967ರಲ್ಲಿ ಮೇಯರ್ ಆದರು. ಅವ‍ರ ನಂತರದ ಪೀಳಿಗೆಯ ಭಾಯಿ ವೈದ್ಯ 1928ರಲ್ಲಿ ಹುಟ್ಟಿ, 1942ರ ಚಳವಳಿಗೆ ಶಾಲಾಬಾಲಕನಾಗಿ ಇಳಿದವರು. ರಾಷ್ಟ್ರ ಸೇವಾದಳದಲ್ಲಿ ಬೆಳೆದು 1974ರಲ್ಲಿ ಪುಣೆಯ ಮೇಯರ್ ಆದರು, ತುರ್ತುಪರಿಸ್ಥಿತಿ ಬಂದಾಗ ಜೈಲಿಗೆ ಹೋದರು, 1978ರಲ್ಲಿ ರಾಜ್ಯದ ಗೃಹಖಾತೆಯ ರಾಜ್ಯಮಂತ್ರಿಯಾದರು. ವಿದ್ಯಾರ್ಥಿ ಹೋರಾಟಗಾರ ಊರಿನ ಗದ್ದುಗೆ ಏರಿದ ಕಥೆ ಬೇಕೆಂದರೆ ಇದಕ್ಕಿಂತ ನೇರವಾದದ್ದು ಸಿಗದು. ಆದರೆ ನನಗೆ ಮುಖ್ಯ ಎನಿಸುವುದು ಮೇಯರ್ ಗೌನು ಕಳಚಿದ ಮೇಲೆ ಅವರು ಹಿಡಿದ ಕೆಲಸ. ಮುಪ್ಪಿನ ವರ್ಷಗಳಲ್ಲಿ ಅವರು ಊರೂರು ಸುತ್ತಿದ್ದು ಶಿಕ್ಷಣ ಎಲ್ಲರಿಗೂ ಸರ್ಕಾರದ ಖರ್ಚಿನಲ್ಲಿ, ಸಮಾನವಾಗಿ ಸಿಗಬೇಕೆಂದು. 2018ರ ಏಪ್ರಿಲ್ 2ರಂದು ತೀರಿಕೊಳ್ಳುವವರೆಗೂ ಬಾಯಲ್ಲಿ ಅದೇ ಮಾತು. 1920ರಲ್ಲಿ ಪುರಸಭೆಯ ಮುಂದೆ ಶಿಂದೆ ಇಟ್ಟ ಬೇಡಿಕೆಯೇ ಅದು, ಸ್ವಲ್ಪ ದೊಡ್ಡದಾಗಿ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ, ಹುಡುಗ ಹುಡುಗಿ ಎನ್ನದೆ, ಉಚಿತ ಕಡ್ಡಾಯ ಶಾಲೆಯ ಹಕ್ಕನ್ನು ದೇಶದ ಕಾಯ್ದೆ ಕೊಟ್ಟದ್ದು 2010ರ ಏಪ್ರಿಲ್ 1ರಿಂದ. ಪುಣೆಯ ಆ ಗದ್ದಲಕ್ಕೂ ಇದಕ್ಕೂ ನಡುವೆ ತೊಂಬತ್ತು ವರ್ಷ.

ಕನ್ನಡದಲ್ಲಿ ಶಿಂದೆಯವರ ಹೆಸರು ಅಷ್ಟಾಗಿ ಕೇಳುವುದಿಲ್ಲ. ಬರೆದದ್ದು ಮರಾಠಿಯಲ್ಲಿ, ದುಡಿದದ್ದು ಮುಂಬಯಿ, ಪುಣೆಗಳಲ್ಲಿ, ಹಾಗಾಗಿ ಅವರನ್ನು ಮರಾಠಿಗರಿಗೇ ಬಿಟ್ಟುಕೊಟ್ಟಂತಿದೆ. ಮರಾಠಿಗರು ಮಹರ್ಷಿ ಎನ್ನುತ್ತಾರೆ, ಜಮಖಂಡಿ ಎಲ್ಲಿದೆಯೆಂದು ವಿಚಾರಿಸುವುದಿಲ್ಲ. ನಾವು ಜಮಖಂಡಿ ಬಲ್ಲೆವು, ಅಲ್ಲಿಂದ ಹೋದವನನ್ನು ಅರಿಯದವರಾಗಿದ್ದೇವೆ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯಿಂದ ಪುಣೆಗೆ ಹೋಗುವ ಹೆದ್ದಾರಿಯ ಬಸ್ಸು ಬೆಳಗಿನ ಜಾವ ಕಾತ್ರಜದ ಘಟ್ಟ ಇಳಿಯುತ್ತದೆ. ಪೇಶ್ವೆಯ ಕೆಳಗಿನ ಕೆರೆ ಈಗ ಪಾಲಿಕೆಯ ಪ್ರಾಣಿಸಂಗ್ರಹಾಲಯದ ಬೇಲಿಯೊಳಗಿದೆ, ಟಿಕೆಟ್ಟು ಕೊಂಡರೆ ಯಾರು ಬೇಕಾದರೂ ನೋಡಬಹುದು. ಸಾತಾರಾ ರಸ್ತೆ ಹಿಡಿದು ಬಸ್ಸು ಸ್ವಾರ್‌ಗೇಟಿಗೆ ಬಂದು ನಿಲ್ಲುತ್ತದೆ. ಅಲ್ಲಿನ ವೃತ್ತಕ್ಕೆ ಕೇಶವರಾವ್ ಜೇಧೆಯವರ ಹೆಸರು. ಅಲ್ಲಿಂದ ಗಂಜ್ ಪೇಠೆಯ ಫುಲೆ ಮನೆಯೂ ನಾನಾ ಪೇಠೆಯ ಅಹಲ್ಯಾಶ್ರಮವೂ ಆಟೋದಲ್ಲಿ ಹತ್ತು ಹದಿನೈದು ನಿಮಿಷದ ದಾರಿ. ಮುಂದಿನ ಸಲ ಆ ಕಡೆ ಹೋದರೆ ಇಳಿದು ನೋಡಿ ಬನ್ನಿ. ಫುಲೆ ಮನೆಯ ಹೌದ ಇನ್ನೂ ಅಲ್ಲಿದೆ.